ವಿನೆಗರ್‌ಗೆ ಗಾಳಿ ಬೇಕು, ಎಣ್ಣೆಗೆ ಬೇಡ: ಹುಳಿಯುವುದು ಮತ್ತು ಕಮಟುವುದರ ಮನೆ ರಸಾಯನಶಾಸ್ತ್ರ

ಎರಡು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಒಂದು: "ಅನಾನಸ್ ಸಿಪ್ಪೆ ಹಾಕಿ ವಿನೆಗರ್ ಮಾಡೋಕೆ ಇಟ್ಟೆ. ಎರಡು ತಿಂಗಳಾದರೂ ಹೆಂಡದ ವಾಸನೆಯೇ ಹೋಗಿಲ್ಲ, ಯಾಕೆ?" ಇನ್ನೊಂದು: "ಹಬ್ಬಕ್ಕೆ ಮಾಡಿದ ಚಕ್ಕುಲಿ, ಊರಿಂದ ತಂದ ಗುರೆಳ್ಳು ಚಟ್ನಿಪುಡಿ ಇಷ್ಟು ಬೇಗ ಕಮಟು ಹಿಡಿಯೋದು ಯಾಕೆ?"

ಕೇಳುವವರು ಬೇರೆ ಬೇರೆ. ಆದರೆ ಎರಡಕ್ಕೂ ಉತ್ತರ ಗಾಳಿಯಲ್ಲಿರುವ ಆಮ್ಲಜನಕದಲ್ಲೇ ಇದೆ. ಮೊದಲನೆಯವರು ಗಾಳಿ ಬೇಕಾದ ಕಡೆ ಮುಚ್ಚಳ ಬಿಗಿದಿರುತ್ತಾರೆ. ಎರಡನೆಯವರು ಗಾಳಿ ಬೇಡದ ಕಡೆ ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಅದಕ್ಕೇ ಎರಡನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಮೊದಲು ವಿನೆಗರ್, ಆಮೇಲೆ ಎಣ್ಣೆ ಮತ್ತು ಎಣ್ಣೆ ಇರುವ ತಿಂಡಿ. ನಿಮಗೆ ಎಣ್ಣೆಯ ಚಿಂತೆ ಮಾತ್ರ ಇದ್ದರೆ ನೇರ ಐದನೇ ಹಂತಕ್ಕೆ ಹೋಗಬಹುದು.

ಶುರು ಮಾಡುವ ಮೊದಲು

ಉತ್ಕರ್ಷಣ ಅನ್ನೋ ಪದ ಹತ್ತನೇ ತರಗತಿಯಲ್ಲಿ ಎಲ್ಲರೂ ಓದಿರುತ್ತೇವೆ. ಒಂದು ವಸ್ತು ಆಮ್ಲಜನಕ ಪಡೆದುಕೊಂಡರೆ, ಇಲ್ಲವೇ ಹೈಡ್ರೋಜನ್ ಕಳೆದುಕೊಂಡರೆ, ಅದು ಉತ್ಕರ್ಷಣ. ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಆಲ್ಕೋಹಾಲ್ ವಿನೆಗರ್ ಆಗುವಾಗ ಈ ಎರಡೂ ನಡೆಯುತ್ತವೆ, ಒಂದಾದ ಮೇಲೆ ಒಂದು. ಮೊದಲು ಈಥೈಲ್ ಆಲ್ಕೋಹಾಲ್ ಎರಡು ಹೈಡ್ರೋಜನ್ ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ. ಆಮೇಲೆ ಅದಕ್ಕೆ ಒಂದು ಆಮ್ಲಜನಕ ಸೇರಿ ಅಸಿಟಿಕ್ ಆಮ್ಲ ಆಗುತ್ತದೆ. ವಿನೆಗರ್‌ನ ಹುಳಿ ಅಂದರೆ ಈ ಅಸಿಟಿಕ್ ಆಮ್ಲವೇ. 'ಆಲ್ಡಿಹೈಡ್' ಅನ್ನೋ ಹೆಸರಿನಲ್ಲೇ ಈ ಕಥೆ ಇದೆ. 1835ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಅದನ್ನು 'ಹೈಡ್ರೋಜನ್ ಕಳೆದ ಆಲ್ಕೋಹಾಲ್' ಎಂಬ ಅರ್ಥದ ಲ್ಯಾಟಿನ್ ಮಾತಿನ ತುಂಡುಗಳನ್ನು ಜೋಡಿಸಿ ಕಟ್ಟಿದ. ಈ ಆಲ್ಡಿಹೈಡ್ ಅನ್ನು ನೆನಪಿಟ್ಟುಕೊಳ್ಳಿ. ಎಣ್ಣೆಯ ವಿಷಯಕ್ಕೆ ಬಂದಾಗ ಅದರ ಬಳಗದವರೇ ಮತ್ತೆ ಸಿಗುತ್ತಾರೆ.

ಪಿಯುಸಿ ಓದುವವರಿಗೆ ಒಂದು ಮಾತು. ನಿಮ್ಮ ಪುಸ್ತಕದಲ್ಲಿ ಪ್ರೈಮರಿ ಆಲ್ಕೋಹಾಲ್ ಆಲ್ಡಿಹೈಡ್ ಆಗಿ, ಆಮೇಲೆ ಆಮ್ಲ ಆಗುತ್ತೆ ಅಂತ ಇದೆಯಲ್ಲ, ವಿನೆಗರ್ ಭರಣಿಯಲ್ಲಿ ನಡೆಯೋದು ಅದೇ. ಪ್ರಯೋಗಾಲಯದಲ್ಲಿ ಆ ಕೆಲಸಕ್ಕೆ ಪರ್ಮಾಂಗನೇಟ್ ಬೇಕು. ಭರಣಿಯಲ್ಲಿ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಕೋಣೆಯ ಬಿಸಿಯಲ್ಲೇ ಮಾಡಿ ಮುಗಿಸುತ್ತದೆ. ರಸ್ತೆಯಲ್ಲಿ ಪೊಲೀಸರು ಊದಿಸುವ ಯಂತ್ರವೂ ಇದೇ ಕ್ರಿಯೆಯ ಮೇಲೆ ನಿಂತಿದೆ. ಹಳೆಯ ಯಂತ್ರಗಳಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಉಸಿರಿನ ಆಲ್ಕೋಹಾಲನ್ನು ಉತ್ಕರ್ಷಿಸಿ ತಾನು ಹಸಿರಾಗುತ್ತಿತ್ತು. ಈಗಿನ ಬಹುಪಾಲು ಯಂತ್ರಗಳಲ್ಲಿ ಪ್ಲಾಟಿನಂ ತಟ್ಟೆಯ ಮೇಲೆ ಆಲ್ಕೋಹಾಲ್ ಉತ್ಕರ್ಷಣವಾಗುತ್ತದೆ, ಆಗ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಸ್ಪಿರಿಟ್ ತಂದು ನೀರು ಬೆರೆಸಿ ವಿನೆಗರ್ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಪಾಲಿಶ್‌ಗೆ, ಒಲೆಗೆ ಮಾರುವ ಸ್ಪಿರಿಟ್‌ನಲ್ಲಿ ಮೀಥೈಲ್ ಆಲ್ಕೋಹಾಲ್ ಇರಬಹುದು. ಅದು ದೇಹದೊಳಗೆ ಹೋದರೆ ಇದೇ ದಾರಿಯಲ್ಲಿ ಉತ್ಕರ್ಷಣವಾಗುತ್ತದೆ, ಆದರೆ ಸಿಗುವುದು ಫಾರ್ಮಾಲ್ಡಿಹೈಡ್ ಮತ್ತು ಫಾರ್ಮಿಕ್ ಆಮ್ಲ. ಕಣ್ಣು ಹೋಗುವುದು, ಜೀವ ಹೋಗುವುದು ಅದರಿಂದಲೇ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರರಷ್ಟು ಜನ ತೀರಿಕೊಂಡರು. ವಿನೆಗರ್‌ಗೆ ಹಣ್ಣು, ಬೆಲ್ಲ, ನೀರು ಸಾಕು.

ಏನೇನು ಬೇಕು

ಒಂದು ಅನಾನಸ್ ಹಣ್ಣಿನ ಸಿಪ್ಪೆ ಮತ್ತು ನಡುವಿನ ದಿಂಡು. ಒಂದು ಲೀಟರ್ ನೀರು, ಕುದಿಸಿ ಆರಿಸಿದ್ದು. ನಲ್ಲಿ ನೀರಿನ ಕ್ಲೋರಿನ್ ಹೋಗಬೇಕು, ಅದಕ್ಕೇ ಕುದಿಸೋದು. 100 ಗ್ರಾಂ ಸಕ್ಕರೆ ಅಥವಾ 120 ಗ್ರಾಂ ಬೆಲ್ಲ. ಎರಡು ಮೂರು ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಭರಣಿ ಅಥವಾ ಉಪ್ಪಿನಕಾಯಿ ಜಾಡಿ. ತೆಳ್ಳಗಿನ ಹತ್ತಿ ಬಟ್ಟೆ, ರಬ್ಬರ್ ಬ್ಯಾಂಡ್. ಇನ್ನೂರು ಮಿಲಿಯಷ್ಟು ಜೀವ ಇರುವ ವಿನೆಗರ್.

ಕೊನೆಯದು ಯಾಕೆ ಅಂದರೆ ಅದೇ ಹೆಪ್ಪು. ಹಾಲಿಗೆ ಮೊಸರಿನ ಹೆಪ್ಪು ಹಾಕುವ ಹಾಗೆ. ಅಂಗಡಿಯಲ್ಲಿ ಸಿಗುವ ಆಪಲ್ ಸೈಡರ್ ವಿನೆಗರ್ ಬಾಟಲಿಗಳಲ್ಲಿ ಕೆಲವು 'ತಾಯಿ ಸಮೇತ' ಅಂತ ಬರುತ್ತವೆ, ತಳದಲ್ಲಿ ಮಸುಕಾದ ಪೊರೆ ತೇಲುತ್ತಿರುತ್ತದೆ. ಅಂಥದ್ದು ಬೇಕು. ಚೈನೀಸ್ ಅಡುಗೆಗೆ ಬಳಸುವ ಬಿಳಿ ವಿನೆಗರ್ ಬಹುಪಾಲು ಸಿಂಥೆಟಿಕ್, ಅಂದರೆ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಹಾಗಂತ ಲೇಬಲ್ ಮೇಲೆ ಬರೆಯಲೇಬೇಕು ಅನ್ನೋ ನಿಯಮವೂ ಇದೆ. ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲ. ಅದನ್ನು ಹೆಪ್ಪಿಗೆ ಹಾಕಿದರೆ ಹುಳಿ ಸೇರುತ್ತದೆಯೇ ಹೊರತು ಹುಳಿಯುವ ಕೆಲಸ ಶುರುವಾಗುವುದಿಲ್ಲ. ನಾನು ನೋಡಿದ ಸೋತ ಭರಣಿಗಳಲ್ಲಿ ಇದು ಎರಡನೇ ದೊಡ್ಡ ಕಾರಣ.

ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದೂ ಬೇಡ. ಆಮ್ಲ ಅವನ್ನು ಕರಗಿಸುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಬಿಟ್ಟರೆ ಕಿಲುಬುತ್ತದಲ್ಲ, ಅದೇ ಕಾರಣ.

ಹಂತ 1: ಸಕ್ಕರೆಯಿಂದ ಆಲ್ಕೋಹಾಲ್

ಅನಾನಸನ್ನು ಇಡಿಯಾಗಿ ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಸೋಪು ಹಾಕಬೇಡಿ. ಸಿಪ್ಪೆಯ ಮೇಲೆ ಯೀಸ್ಟ್ ಇರುತ್ತದೆ, ಅದು ನಮಗೆ ಬೇಕು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ ಭರಣಿಗೆ ಹಾಕಿ, ಸಿಪ್ಪೆ ಮುಳುಗಿಸಿ. ತೇಲುವ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ ಮೇಲೊಂದು ಚಿಕ್ಕ ಬಟ್ಟಲು ಇಟ್ಟು ಒತ್ತಿ. ದಿನಕ್ಕೆ ಒಂದೆರಡು ಸಲ ತೊಳೆದು ಒಣಗಿಸಿದ ಚಮಚದಿಂದ ಕಲಕಿ.

ಎರಡು ಮೂರು ದಿನಕ್ಕೆ ಗುಳ್ಳೆ ಏಳುತ್ತವೆ. ಬರಲಿಲ್ಲ ಅಂದರೆ ಚಿಟಿಕೆ ಬೇಕರಿ ಯೀಸ್ಟ್ ಹಾಕಿ.

ಈ ಹಂತಕ್ಕೆ ಗಾಳಿ ಬೇಕಿಲ್ಲ. ಯೀಸ್ಟ್ ಗಾಳಿ ಇಲ್ಲದೆಯೇ ಸಕ್ಕರೆಯನ್ನು ಮುರಿದು ಸುಮಾರು ಅರ್ಧ ತೂಕದಷ್ಟು ಆಲ್ಕೋಹಾಲ್, ಇನ್ನರ್ಧ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹಾಗಂತ ಮುಚ್ಚಳ ಬಿಗಿಯಬೇಡಿ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 25 ಲೀಟರಿಗೂ ಜಾಸ್ತಿ ಅನಿಲ ಬರುತ್ತದೆ. ಬಿಗಿದ ಗಾಜಿನ ಭರಣಿ ಒಡೆಯಬಹುದು. ಮುಚ್ಚಳ ಸುಮ್ನೆ ಮೇಲಿಟ್ಟಿರಿ, ಸಾಕು.

ಏಳರಿಂದ ಹತ್ತು ದಿನಕ್ಕೆ ಗುಳ್ಳೆ ನಿಲ್ಲುತ್ತವೆ. ಸಿಹಿ ಹೋಗಿರುತ್ತದೆ, ಹೆಂಡದ ವಾಸನೆ ಬಂದಿರುತ್ತದೆ. ಇದು ಮಧ್ಯದ ಹಂತ ಅಷ್ಟೆ. ಇದನ್ನು ಕುಡಿಯೋದಕ್ಕೆ ಮಾಡುತ್ತಿಲ್ಲ, ಕುಡಿಯಬೇಡಿ. ಸಿಹಿ ಇನ್ನೂ ಇದ್ದರೆ ನಾಲ್ಕು ದಿನ ಕಾಯಿರಿ. ಆತುರಪಟ್ಟು ಮುಂದೆ ಹೋದರೆ ಹುಳಿ ಯೀಸ್ಟನ್ನು ತಡೆದುಬಿಡುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ.

ಹಂತ 2: ಆಲ್ಕೋಹಾಲ್‌ನಿಂದ ಆಮ್ಲ

ಎಲ್ಲರೂ ಎಡವುವುದು ಇಲ್ಲಿ. ಅದಕ್ಕೆ ಇದನ್ನೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಸಿಪ್ಪೆ ಸೋಸಿ ತೆಗೆಯಿರಿ. ದ್ರವವನ್ನು ಅಗಲ ಬಾಯಿಯ ಭರಣಿಗೆ ಅರ್ಧದಷ್ಟು, ಹೆಚ್ಚೆಂದರೆ ಮುಕ್ಕಾಲಿಗಿಂತ ಕಡಿಮೆ ತುಂಬಿ. ಹೆಪ್ಪಿನ ವಿನೆಗರ್ ಹಾಕಿ. ಬಾಯಿಗೆ ಬಟ್ಟೆ ಕಟ್ಟಿ. ಬಿಸಿಲು ಬೀಳದ, ಗಾಳಿ ಆಡುವ, 25ರಿಂದ 30 ಡಿಗ್ರಿ ಇರುವ ಜಾಗದಲ್ಲಿಡಿ. ನಮ್ಮ ಬಹುಪಾಲು ಊರುಗಳಲ್ಲಿ ವರ್ಷದ ಹೆಚ್ಚಿನ ದಿನ ಅಡುಗೆಮನೆಯ ಮೂಲೆಯೇ ಆ ಬಿಸಿಯಲ್ಲಿರುತ್ತದೆ. ಚಳಿಗಾಲದಲ್ಲಿ ತಡವಾಗುತ್ತದೆ, ಗಾಬರಿ ಬೇಡ.

ಈಗ ಗಾಳಿಯ ಲೆಕ್ಕ ನೋಡಿ. 46 ಗ್ರಾಂ ಆಲ್ಕೋಹಾಲ್ ಆಮ್ಲವಾಗಲು 32 ಗ್ರಾಂ ಆಮ್ಲಜನಕ ಬೇಕು. ಸಿಗುವುದು 60 ಗ್ರಾಂ ಅಸಿಟಿಕ್ ಆಮ್ಲ ಮತ್ತು 18 ಗ್ರಾಂ ನೀರು. ನಿಮ್ಮ ಭರಣಿಯಲ್ಲಿ ಶೇ. 5ರಷ್ಟು ಆಲ್ಕೋಹಾಲ್ ಇರುವ ಒಂದು ಲೀಟರ್ ದ್ರವ ಇದೆ ಅಂದುಕೊಳ್ಳಿ. ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 21 ಲೀಟರ್. ಗಾಳಿಯಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಮಾತ್ರ. ಅಂದರೆ ಒಂದು ಲೀಟರ್ ದ್ರವ ವಿನೆಗರ್ ಆಗಬೇಕಾದರೆ ಸುಮಾರು ನೂರು ಲೀಟರ್ ಗಾಳಿಯ ಆಮ್ಲಜನಕವನ್ನು ಅದು ಹೀರಬೇಕು. ಮುಚ್ಚಳ ಬಿಗಿದ ಭರಣಿಯ ಮೇಲ್ಭಾಗದಲ್ಲಿ ಒಂದು ಲೀಟರ್ ಗಾಳಿ ಇರಬಹುದು. ನೂರರಲ್ಲಿ ಒಂದು ಪಾಲು! ಎರಡು ತಿಂಗಳಲ್ಲ, ಎರಡು ವರ್ಷ ಇಟ್ಟರೂ ಹೆಂಡದ ವಾಸನೆ ಹೋಗದಿರುವುದು ಇದಕ್ಕೇ.

ನನ್ನದೇ ಮೊದಲ ಭರಣಿ ಹೀಗೆ ಆರು ವಾರ ಸುಮ್ಮನೆ ಕೂತಿತ್ತು. ಮುಚ್ಚಳ ತೆಗೆದು ಬಟ್ಟೆ ಕಟ್ಟಿದೆ. ಐದನೇ ದಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಗಾಜಿನ ಅಂಚಿಗೆ ಅಂಟಿಕೊಂಡು ಬೂದು ಬಣ್ಣದ ತೆಳು ಪೊರೆ, ಹಾಲು ಆರುವಾಗ ಕಟ್ಟುವ ಮೊದಲ ಕೆನೆಯಷ್ಟು ತೆಳು. ಹತ್ತನೇ ದಿನಕ್ಕೆ ಅದು ನಡುವಿಗೆ ಬಂದು ಕೂಡಿಕೊಂಡಿತು. ಭರಣಿ ಅಲುಗಿದರೆ ಪೊರೆಯೂ ಒಟ್ಟಿಗೇ ತೂಗುತ್ತಿತ್ತು.

ಆ ಪೊರೆಯೇ 'ವಿನೆಗರ್ ತಾಯಿ'. ಬ್ಯಾಕ್ಟೀರಿಯಾಗಳು ತಾವೇ ನೇಯ್ದುಕೊಂಡ ಸೆಲ್ಯುಲೋಸ್ ಚಾಪೆ ಅದು. ಕೆಳಗೆ ಆಲ್ಕೋಹಾಲ್, ಮೇಲೆ ಗಾಳಿ, ಎರಡೂ ಸಿಗುವ ಜಾಗ ಮೇಲ್ಮೈ ಒಂದೇ. ಅದಕ್ಕೇ ಅವು ಅಲ್ಲಿ ತೇಲುತ್ತವೆ. ವಿನೆಗರ್ ಆಗುವುದು ಈ ಜೀವಿಗಳಿಂದ ಅಂತ 1860ರ ದಶಕದಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್. ಅಲ್ಲಿನ ಒರ್ಲಿಯಾನ್ ಪಟ್ಟಣದಲ್ಲಿ ವೈನನ್ನು ಅಡ್ಡ ಮಲಗಿಸಿದ ಪೀಪಾಯಿಗಳಲ್ಲಿ ಪೂರ್ತಿ ತುಂಬದೆ ಇಟ್ಟು, ಗಾಳಿಗೆ ತೂತು ಬಿಟ್ಟು, ವಿನೆಗರ್ ಮಾಡುತ್ತಿದ್ದರು. ಹೊಸ ವೈನ್ ಸೇರಿಸುವಾಗ ಪೊರೆ ಒಡೆಯದಂತೆ ಆಲಿಕೆಯ ಕೊಳವೆಯಿಂದ ಅಡಿಗೆ ಬಿಡುತ್ತಿದ್ದರು. ನಿಮ್ಮ ಭರಣಿಗೆ ಆಮೇಲೆ ಹೊಸ ದ್ರವ ಸೇರಿಸುವುದಿದ್ದರೆ ನೀವೂ ಹಾಗೇ ಮಾಡಿ. ಭರಣಿಯನ್ನು ದಿನಾ ಎತ್ತಿ ಕುಲುಕಿ ನೋಡಬೇಡಿ. ಪೊರೆ ಮುಳುಗಿದರೆ ಗಾಳಿ ಸಿಗದೆ ಅದರ ಕೆಲಸ ನಿಲ್ಲುತ್ತದೆ, ಹೊಸ ಪೊರೆ ಕಟ್ಟಲು ಮತ್ತೆ ದಿನ ಹಿಡಿಯುತ್ತದೆ.

ವಾಸನೆ ಹೀಗೆ ಬದಲಾಗುತ್ತದೆ. ಮೊದಲು ಹೆಂಡ. ಆಮೇಲೆ ಕೆಲವು ದಿನ ಉಗುರುಬಣ್ಣ ತೆಗೆಯುವ ದ್ರವದ ಹಾಗೆ ಘಾಟು. ಆಮ್ಲವೂ ಉಳಿದ ಆಲ್ಕೋಹಾಲೂ ಸೇರಿ ಈಥೈಲ್ ಅಸಿಟೇಟ್ ಆಗುವುದರಿಂದ ಈ ಘಾಟು. ಇಲ್ಲಿ ಹೆದರಿ ಚೆಲ್ಲುವವರು ಬಹಳ ಜನ. ಚೆಲ್ಲಬೇಡಿ, ಆಲ್ಕೋಹಾಲ್ ಮುಗಿಯುತ್ತಾ ಬಂದ ಹಾಗೆ ಅದೂ ಇಳಿಯುತ್ತದೆ. ಕೊನೆಗೆ ಮೂಗಿಗೆ ಏರುವ ಸ್ವಚ್ಛ ಹುಳಿ. ಒಟ್ಟು ಮೂರರಿಂದ ಆರು ವಾರ.

ಯಾವಾಗ ಚೆಲ್ಲಬೇಕು? ಮೇಲೆ ಹಸಿರು, ಕಪ್ಪು, ಗುಲಾಬಿ ಬಣ್ಣದ, ಉಣ್ಣೆಯಂತೆ ಕೂದಲು ಎದ್ದ ಬೂಸ್ಟು ಬಂದರೆ ಇಡೀ ಭರಣಿ ಚೆಲ್ಲಿ. ಮೇಲಿಂದ ತೆಗೆದು ಉಳಿದದ್ದು ಬಳಸುವುದು ಬೇಡ. ಬಿಳಿಯ, ಒಣಗಿದ, ಸುಕ್ಕುಸುಕ್ಕಾದ ಪದರ ಬಂದರೆ ಅದು ಒಂದು ಬಗೆಯ ಯೀಸ್ಟ್. ಅಪಾಯವಿಲ್ಲ, ಆದರೆ ರುಚಿ ಕೆಡಿಸುತ್ತದೆ. ಅದನ್ನು ತೆಗೆದು ಇನ್ನಷ್ಟು ಹೆಪ್ಪು ಹಾಕಿ. ಬಟ್ಟೆ ಸಡಿಲ ಇದ್ದರೆ ಹಣ್ಣಿನ ಮೇಲೆ ಆಡುವ ಸಣ್ಣ ನೊಣ ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ಬಟ್ಟೆಯ ನೇಯ್ಗೆ ಒತ್ತಾಗಿರಲಿ.

ಹಂತ 3: ಹುಳಿ ಎಷ್ಟಾಯಿತು?

ನಾಲಿಗೆ ಇಲ್ಲಿ ನಂಬುವಂಥದ್ದಲ್ಲ. ಪಿಎಚ್ ಕಾಗದವೂ ಆಮ್ಲದ ಪ್ರಮಾಣ ಹೇಳುವುದಿಲ್ಲ. ಪ್ರಯೋಗಾಲಯ ಕೈಗೆ ಸಿಗುವವರು ಹೀಗೆ ಮಾಡಿ. 10 ಮಿಲಿ ವಿನೆಗರ್‌ಗೆ ನೀರು ಬೆರೆಸಿ, ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, 1 ನಾರ್ಮಲ್ (1 N) ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ತಿಳಿ ಗುಲಾಬಿ ಬಣ್ಣ ನಿಂತಾಗ ಎಷ್ಟು ಮಿಲಿ ಹಿಡಿಯಿತು ನೋಡಿ, ಅದನ್ನು 0.6ರಿಂದ ಗುಣಿಸಿ. ಬಂದ ಸಂಖ್ಯೆಯೇ ಶೇಕಡಾ ಆಮ್ಲ. 7 ಮಿಲಿ ಹಿಡಿದರೆ ಶೇ. 4.2. ಸೋಡಿಯಂ ಹೈಡ್ರಾಕ್ಸೈಡ್ ಚರ್ಮ, ಕಣ್ಣು ಸುಡುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ.

ನಮ್ಮ ದೇಶದಲ್ಲಿ ಮಾರುವ ವಿನೆಗರ್‌ನಲ್ಲಿ ಕನಿಷ್ಠ ಶೇ. 3.75 ಅಸಿಟಿಕ್ ಆಮ್ಲ ಇರಬೇಕು ಅನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಅಳೆಯದ ಮನೆ ವಿನೆಗರನ್ನು ಸಲಾಡ್, ಚಟ್ನಿ, ಮಾಂಸ ನೆನೆಸುವುದಕ್ಕೆ ಧಾರಾಳವಾಗಿ ಬಳಸಿ. ತಿಂಗಳುಗಟ್ಟಲೆ ಇಡುವ ವಿನೆಗರ್ ಉಪ್ಪಿನಕಾಯಿಗೆ ಬಳಸಬೇಡಿ. ಅಲ್ಲಿ ಹುಳಿ ಕಡಿಮೆಯಾದರೆ ವಿಷ ಹುಟ್ಟುವ ಅಪಾಯ ಇದೆ.

ಹಂತ 4: ಬಾಟಲಿಗೆ ತುಂಬುವುದು

ಇಲ್ಲಿ ನಿಯಮ ತಿರುಗುತ್ತದೆ. ಇಷ್ಟು ದಿನ ಗಾಳಿ ಬೇಕಿತ್ತು, ಇನ್ನು ಬೇಡ. ಆಲ್ಕೋಹಾಲ್ ಮುಗಿದ ಮೇಲೂ ಗಾಳಿ ಸಿಗುತ್ತಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲವನ್ನೇ ತಿನ್ನಲು ಶುರು ಮಾಡುತ್ತವೆ. ಅದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. "ಚೆನ್ನಾಗಿ ಹುಳಿಯಾಗಿತ್ತು, ಮೂರು ತಿಂಗಳು ಬಿಟ್ಟು ನೋಡಿದರೆ ನೀರು ನೀರು" ಅನ್ನುವವರ ಭರಣಿಯಲ್ಲಿ ನಡೆದದ್ದು ಇದು.

ಆದ್ದರಿಂದ ಹುಳಿ ಸಾಕು ಅನ್ನಿಸಿದ ದಿನವೇ ಸೋಸಿ, ಚಿಕ್ಕ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ. ಇನ್ನೂ ಭದ್ರ ಬೇಕೆಂದರೆ 65 ಡಿಗ್ರಿಯವರೆಗೆ ಬಿಸಿ ಮಾಡಿ ತುಂಬಿ. ಕುದಿಸಬೇಡಿ, ಪರಿಮಳ ಹೋಗುತ್ತದೆ. ಬಿಸಿ ಮಾಡುವ ಮೊದಲು ಮುಂದಿನ ಸಲದ ಹೆಪ್ಪಿಗೆ ಒಂದು ಲೋಟ ತೆಗೆದಿಡಲು ಮರೆಯಬೇಡಿ.

ಮಂಗಳೂರು, ಗೋವಾ ಕಡೆಯ ಕ್ರೈಸ್ತರ ಮನೆಗಳಲ್ಲಿ ತೆಂಗಿನ ಕಳ್ಳನ್ನು ಹುಳಿಯಿಸಿ ಮಾಡುವ ವಿನೆಗರೂ ಇದೇ ದಾರಿ ಹಿಡಿದು ಬರುವಂಥದ್ದು. ಅಲ್ಲಿ ಮರವೇ ಸಿಹಿ ಕೊಟ್ಟಿರುತ್ತದೆ, ಮೊದಲ ಹಂತ ತಾನಾಗೇ ಮುಗಿದಿರುತ್ತದೆ.

ಹಂತ 5: ಎಣ್ಣೆ ಯಾಕೆ ಕಮಟುತ್ತದೆ, ಅರ್ಥ ಮಾಡಿಕೊಳ್ಳಿ

ಎಣ್ಣೆಯಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಯಾವುದೂ ಇಲ್ಲ. ಆಮ್ಲಜನಕ ನೇರವಾಗಿ ಕೊಬ್ಬಿನ ಮೇಲೇ ಬೀಳುತ್ತದೆ. ಬೆಳಕು, ಬಿಸಿ, ತಾಮ್ರ ಅಥವಾ ಕಬ್ಬಿಣದ ಚೂರು, ಇದರಲ್ಲಿ ಯಾವುದಾದರೂ ಒಂದು ಕೊಬ್ಬಿನ ಕಣವನ್ನು ಕೆಣಕುತ್ತದೆ. ಅದು ಆಮ್ಲಜನಕ ಹಿಡಿದುಕೊಂಡು ಪೆರಾಕ್ಸೈಡ್ ಆಗುತ್ತದೆ. ಆಗುವಾಗ ಪಕ್ಕದ ಕಣವನ್ನು ಕೆಣಕುತ್ತದೆ, ಅದು ತನ್ನ ಪಕ್ಕದ್ದನ್ನು. ಸರಪಳಿ. ಪೆರಾಕ್ಸೈಡ್‌ಗೆ ವಾಸನೆ ಇಲ್ಲ, ಅದಕ್ಕೆ ಮೊದಮೊದಲು ನಮಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅದು ಒಡೆದು ಹೆಕ್ಸನಾಲ್ ಥರದ ಆಲ್ಡಿಹೈಡ್‌ಗಳಾಗುತ್ತದೆ. ನಿಮ್ಮ ಮೂಗಿಗೆ ಬಡಿಯುವ ಕಮಟು ಅವುಗಳದ್ದೇ. ವಿನೆಗರ್‌ನ ನಡುಹಂತದಲ್ಲಿ ಬಂದು ಹೋದ ಆಲ್ಡಿಹೈಡ್‌ನ ದಾಯಾದಿಗಳು ಇವು. ಅಲ್ಲಿ ಅದು ದಾಟಿ ಹೋಗುವ ಹಂತ, ಇಲ್ಲಿ ಬಂದು ಕೂರುತ್ತದೆ.

ಎಲ್ಲ ಎಣ್ಣೆಯೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಕೊಬ್ಬಿನ ಸರಪಳಿಯಲ್ಲಿ ದ್ವಿಬಂಧಗಳು, ಅಂದರೆ ಆಮ್ಲಜನಕ ದಾಳಿ ಮಾಡಲು ಸುಲಭವಾದ ಜಾಗಗಳು, ಜಾಸ್ತಿ ಇದ್ದಷ್ಟೂ ಬೇಗ. ಅಗಸೆ ಎಲ್ಲಕ್ಕಿಂತ ಬೇಗ. ಆಮೇಲೆ ಗುರೆಳ್ಳು, ಸೂರ್ಯಕಾಂತಿ. ಶೇಂಗಾ ಎಣ್ಣೆ ಇನ್ನೂ ನಿಧಾನ. ಎಳ್ಳೆಣ್ಣೆಯಲ್ಲಿ ದ್ವಿಬಂಧ ಕಡಿಮೆಯೇನಲ್ಲ, ಆದರೂ ತಡೆಯುತ್ತದೆ, ಯಾಕೆಂದರೆ ಅದರಲ್ಲಿ ಸೆಸಮಾಲ್ ಅನ್ನೋ ರಕ್ಷಕ ಇದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಶೇ. 90ರಷ್ಟು ದ್ವಿಬಂಧವೇ ಇಲ್ಲದ್ದು, ಹಾಗಾಗಿ ಆಮ್ಲಜನಕಕ್ಕೆ ಅದು ಬಗ್ಗುವುದಿಲ್ಲ. ಅದು ಕೆಡುವುದು ನೀರಿನಿಂದ. ಒದ್ದೆ ಚಮಚ ಅದ್ದಿದರೆ, ಸರಿಯಾಗಿ ಒಣಗದ ಕೊಬ್ಬರಿಯಿಂದ ಹಿಂಡಿದರೆ, ಕೊಬ್ಬು ಒಡೆದು ಸೋಪಿನಂಥ ವಾಸನೆ ಬರುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಸಜ್ಜೆ ಹಿಟ್ಟನ್ನು ಒಮ್ಮೆಲೇ ಬಹಳ ಬೀಸಿಸುವುದಿಲ್ಲ. ಅದಕ್ಕೆ ಇಲ್ಲಿ ಕಾರಣ ಇದೆ. ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆ ಜಾಸ್ತಿ. ಕಾಳು ಒಡೆದ ಕೂಡಲೇ ಅದರೊಳಗಿನ ಕಿಣ್ವ ಕೊಬ್ಬನ್ನು ಮುಟ್ಟುತ್ತದೆ, ಗಾಳಿಯೂ ಮುಟ್ಟುತ್ತದೆ. ವಾರ ಹತ್ತು ದಿನಕ್ಕೆ ರೊಟ್ಟಿ ಕಹಿ. ಬೀಸುವ ಮೊದಲು ಕಾಳನ್ನು ಬೆಚ್ಚಗೆ ಹುರಿದರೆ ಕಿಣ್ವ ಸಾಯುತ್ತದೆ, ಹಿಟ್ಟು ಇನ್ನಷ್ಟು ದಿನ ತಡೆಯುತ್ತದೆ.

ಹಂತ 6: ಎಣ್ಣೆ ಇಡುವುದು

ತಿಂಗಳಿಗೆ ಬೇಕಾದಷ್ಟೇ ತನ್ನಿ. 15 ಲೀಟರ್ ಟಿನ್ ತಂದರೆ ಒಡೆದ ದಿನವೇ ಚಿಕ್ಕ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಒಂದೊಂದಾಗಿ ತೆಗೆಯಿರಿ. ಅರ್ಧ ಖಾಲಿಯಾದ ದೊಡ್ಡ ಡಬ್ಬದಲ್ಲಿ ಅರ್ಧ ಗಾಳಿ ಇರುತ್ತದೆ, ನೆನಪಿರಲಿ.

ಒಲೆಯ ಪಕ್ಕ ಬೇಡ. ಬಿಸಿ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ಕಿಟಕಿಯ ಕಟ್ಟೆಯೂ ಬೇಡ. ಗಾಣದ ಎಣ್ಣೆಯನ್ನು ಪಾರದರ್ಶಕ ಬಾಟಲಿಯಲ್ಲಿ ಬೆಳಕಿಗೆ ಇಡುವುದು ತೀರಾ ಕೆಟ್ಟ ಅಭ್ಯಾಸ. ಸ್ಟೀಲ್ ಡಬ್ಬ ಒಳ್ಳೆಯದು. ಹಿತ್ತಾಳೆ, ತಾಮ್ರ ಚೆಂದ ಕಾಣಬಹುದು, ಎಣ್ಣೆಗೆ ಮಾತ್ರ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳೆಯ ಎಣ್ಣೆಯ ತಳದ ಮೇಲೆ ಹೊಸ ಎಣ್ಣೆ ಸುರಿಯಬೇಡಿ. ಸರಪಳಿ ಅಂದೆನಲ್ಲ. ಹಳೆಯದರಲ್ಲಿ ಆಗಲೇ ಇರುವ ಪೆರಾಕ್ಸೈಡ್ ಹೊಸ ಎಣ್ಣೆಗೆ ಹೆಪ್ಪಿನ ಹಾಗೆ ಕೆಲಸ ಮಾಡುತ್ತದೆ. ಡಬ್ಬ ಖಾಲಿ ಮಾಡಿ, ಬಿಸಿನೀರು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತುಂಬಿ. ಮುಚ್ಚಳದ ತಿರುಪಿನಲ್ಲಿ ಅಂಟಿದ ಜಿಡ್ಡನ್ನೂ ಉಜ್ಜಿ. ಅಲ್ಲಿ ಬೆರಳಿಟ್ಟು ಮೂಸಿ ನೋಡಿ, ಗೊತ್ತಾಗುತ್ತದೆ.

ಹಂತ 7: ಪುಡಿ, ಕೊಬ್ಬರಿ, ಶೇಂಗಾ

ಇಡೀ ಗುರೆಳ್ಳು ತಿಂಗಳುಗಟ್ಟಲೆ ಇರುತ್ತದೆ, ಪುಡಿ ಇರುವುದಿಲ್ಲ. ಇಡೀ ಕೊಬ್ಬರಿ ಗಿಟುಕು ಇರುತ್ತದೆ, ತುರಿ ಇರುವುದಿಲ್ಲ. ಪುಡಿ ಮಾಡಿದಾಗ ಗಾಳಿ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದ್ದರಿಂದ ಕಾಳು ಇಡೀ ಇಟ್ಟುಕೊಂಡು, ಹದಿನೈದು ದಿನಕ್ಕಾಗುವಷ್ಟು ಪುಡಿ ಮಾಡಿ. ಶೇಂಗಾವನ್ನು ಸಿಪ್ಪೆ ಸಮೇತ ಇಡಿ, ಆ ಕೆಂಪು ಸಿಪ್ಪೆಯಲ್ಲಿ ಉತ್ಕರ್ಷಣ ತಡೆಯುವ ಅಂಶಗಳಿವೆ.

ಹೊರದೇಶಕ್ಕೆ ಮಕ್ಕಳಿಗೆ ಚಟ್ನಿಪುಡಿ ಕಳಿಸುವವರು ಗಮನಿಸಿ. ಹುರಿದದ್ದು ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಒಂದು ಕಿಲೋದ ಒಂದು ಪ್ಯಾಕೆಟ್ ಬದಲು ನೂರು ನೂರು ಗ್ರಾಂನ ಹತ್ತು ಮಾಡಿ, ಗಾಳಿ ಒತ್ತಿ ತೆಗೆದು ಸೀಲ್ ಮಾಡಿ. ತಲುಪಿದ ಮೇಲೆ ಫ್ರೀಜರ್‌ನಲ್ಲಿಟ್ಟು ಒಂದೊಂದೇ ತೆಗೆಯಲು ಹೇಳಿ. ತೆಗೆದ ಪ್ಯಾಕೆಟ್ ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬಾರದು, ಬಿಚ್ಚಿದರೆ ತೇವ ಕೂರುತ್ತದೆ.

ಕಮಟು ಬೇರೆ, ಬೂಸ್ಟು ಬೇರೆ. ಶೇಂಗಾ, ಕೊಬ್ಬರಿಯ ಮೇಲೆ ಹಸಿರು ಹಳದಿ ಬೂಸ್ಟು ಕಂಡರೆ ಒರೆಸಿ ಬಳಸಬೇಡಿ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಹಂತ 8: ಕರಿದ ತಿಂಡಿ, ಬೆಣ್ಣೆ ಕಾಯಿಸುವುದು

ಚಕ್ಕುಲಿ ಬೇಗ ಕಮಟಿದರೆ ಮೊದಲು ಕರಿದ ಎಣ್ಣೆಯನ್ನು ಅನುಮಾನಿಸಿ. ಹಿಂದಿನ ವಾರ ಬೋಂಡಾ ಕರಿದ ಎಣ್ಣೆಯಲ್ಲಿ ಮಾಡಿದ ಚಕ್ಕುಲಿ ಹುಟ್ಟುವಾಗಲೇ ಪೆರಾಕ್ಸೈಡ್ ಹೊತ್ತು ಬಂದಿರುತ್ತದೆ. ಇಡುವ ತಿಂಡಿಗೆ ಹೊಸ ಎಣ್ಣೆಯೇ ಆಗಬೇಕು. ಕರಿದ ಎಣ್ಣೆ ಕಪ್ಪಾದರೆ, ಅಂಟಾದರೆ, ನೊರೆ ನಿಲ್ಲದಿದ್ದರೆ, ಬೇಗ ಹೊಗೆಯಾಡಿದರೆ ಅದರ ಕಥೆ ಮುಗಿಯಿತು. ಹೋಟೆಲುಗಳಿಗೆ ಇದಕ್ಕೊಂದು ಮಿತಿ ಇದೆ. ಎಣ್ಣೆ ಕೆಟ್ಟಾಗ ಹುಟ್ಟುವ 'ಪೋಲಾರ್' ವಸ್ತುಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ, 2018ರ ಜುಲೈನಿಂದ ಈ ನಿಯಮ.

ತಿಂಡಿ ಪೂರ್ತಿ ಆರಲಿ. ಬಿಸಿ ಇರುವಾಗ ಮುಚ್ಚಿದರೆ ಹಬೆ ನೀರಾಗುತ್ತದೆ. ದೊಡ್ಡ ಡಬ್ಬ ಒಂದರ ಬದಲು ಚಿಕ್ಕವು ನಾಲ್ಕು. ಚಿಪ್ಸ್ ಪೊಟ್ಟಣದ ಉಬ್ಬಿನೊಳಗೆ ಇರುವುದು ಸಾದಾ ಗಾಳಿಯಲ್ಲ, ನೈಟ್ರೋಜನ್. ಆಮ್ಲಜನಕವನ್ನು ಹೊರಗಿಡಲೆಂದೇ ಅದನ್ನು ತುಂಬುತ್ತಾರೆ. ನಮ್ಮ ಮನೆಯಲ್ಲಿ ಅದು ಆಗದ್ದು, ಡಬ್ಬ ಒತ್ತಾಗಿ ತುಂಬುವುದೇ ದಾರಿ.

ಬೆಣ್ಣೆ ಕಾಯಿಸುವಾಗ ಕೊನೆಗೆ ವೀಳ್ಯದೆಲೆ ಅಥವಾ ಕರಿಬೇವು ಹಾಕುವ ಪದ್ಧತಿಯನ್ನು ಬಿಡಬೇಡಿ. ಪರಿಮಳಕ್ಕಷ್ಟೇ ಅಲ್ಲ. ಆ ಎಲೆಗಳ ಫಿನಾಲ್ ಅಂಶಗಳು ತಾವು ಮೊದಲು ಉತ್ಕರ್ಷಣಕ್ಕೆ ಸಿಕ್ಕು ತುಪ್ಪದ ಸರಪಳಿಯನ್ನು ಮುರಿಯುತ್ತವೆ. ಕಾರ್ಖಾನೆಯವರು ಐಎನ್‌ಎಸ್ 319, 320 ಅಂತ ಲೇಬಲ್ ಮೇಲೆ ಬರೆದು ಹಾಕುವ ರಾಸಾಯನಿಕಗಳೂ ಇದೇ ಕೆಲಸ ಮಾಡುತ್ತವೆ. ತುಪ್ಪದಲ್ಲಿ ನೀರಿನ ಚಟಪಟ ಪೂರ್ತಿ ನಿಲ್ಲಬೇಕು, ಎಲೆಯನ್ನು ಗರಿಗರಿಯಾದ ಮೇಲೆ ಸೋಸಿ ತೆಗೆಯಬೇಕು.

ಹಂತ 9: ಕಮಟಿದ ಎಣ್ಣೆಯನ್ನು ಏನು ಮಾಡುವುದು

ಒಂದು ಚಮಚ ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿ. ಬೆಚ್ಚಗಾದಾಗ ಅಡಗಿದ್ದ ವಾಸನೆ ಏಳುತ್ತದೆ. ಹಳೇ ಪೇಂಟು, ಒದ್ದೆ ರಟ್ಟಿನ ಥರ ಬಂದರೆ ತಿನ್ನಬೇಡಿ. ಒಗ್ಗರಣೆ ಜಾಸ್ತಿ ಹಾಕಿ ಮುಚ್ಚುವುದೂ ಬೇಡ, ವಾಸನೆ ಮುಚ್ಚಬಹುದು, ಪೆರಾಕ್ಸೈಡ್ ಹೋಗುವುದಿಲ್ಲ. ಸಿಂಕಿಗೂ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಸ್ವಲ್ಪ ಇದ್ದರೆ ದೀಪಕ್ಕೆ ಬಳಸಿ. ಕಮಟಿದ ಅಗಸೆ ಎಣ್ಣೆಯನ್ನು ಮರದ ಬಾಗಿಲು, ಮಣೆಗೆ ತೆಳ್ಳಗೆ ಉಜ್ಜಬಹುದು. ಅದು ಗಾಳಿಯ ಆಮ್ಲಜನಕ ಹಿಡಿದುಕೊಂಡೇ ಗಟ್ಟಿಯಾಗಿ ಹೊಳಪು ಕೊಡುತ್ತದೆ. ಆದರೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಉತ್ಕರ್ಷಣದಲ್ಲಿ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ಬಟ್ಟೆ ತಾನಾಗೇ ಹೊತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ. ಇಲ್ಲವೇ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಡಿ.